ಸಾಲಮನ್ ನಾರ್ಥಪ್ ಬರೀ ಛಲದಿಂದ ಬಿಡುಗಡೆಯಾದವನಲ್ಲ: ವ್ಯಕ್ತಿತ್ವ ವಿಕಸನ ಶಿಬಿರಗಳಿಗೊಂದು ಬಹಿರಂಗ ಪತ್ರ

ಕಾಲೇಜುಗಳಲ್ಲಿ ವ್ಯಕ್ತಿತ್ವ ವಿಕಸನ ಶಿಬಿರ ನಡೆಸುವ ಪ್ರಾಂಶುಪಾಲರಿಗೆ ಮತ್ತು ಅಲ್ಲಿಗೆ ಬಂದು ಮಾತನಾಡುವ ಸಂಪನ್ಮೂಲ ವ್ಯಕ್ತಿಗಳಿಗೆ,

ನಮಸ್ಕಾರಗಳು.

ಅಮೆರಿಕದಲ್ಲಿ ಅಪಹರಣಕ್ಕೊಳಗಾಗಿ ಹನ್ನೆರಡು ವರ್ಷ ಗುಲಾಮನಾಗಿದ್ದ ಸಾಲಮನ್ ನಾರ್ಥಪ್‌ನ ನಿಜ ಕಥೆ ಹೇಳುವ 'ಟ್ವೆಲ್ವ್ ಇಯರ್ಸ್ ಎ ಸ್ಲೇವ್' ಚಿತ್ರವನ್ನು ನಿಮ್ಮ ಶಿಬಿರಗಳ ಪಟ್ಟಿಯಿಂದ ತೆಗೆದುಹಾಕಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ. ತೋರಿಸಿ, ಖಂಡಿತ ತೋರಿಸಿ. ಆದರೆ ಪರದೆಯ ಮೇಲೆ 'ಛಲವಿದ್ದರೆ ಸಂಕೋಲೆಯೂ ಹರಿಯುತ್ತದೆ' ಎಂಬ ಬ್ಯಾನರ್ ಕಟ್ಟಿ ತೋರಿಸಬೇಡಿ ಎಂಬುದಷ್ಟೇ ನನ್ನ ಕೋರಿಕೆ. ಇತ್ತೀಚೆಗೆ ಒಂದು ಪದವಿ ಕಾಲೇಜಿನಲ್ಲಿ ಅಂಥದೊಂದು ಬ್ಯಾನರಿನ ಕೆಳಗೆ ಈ ಚಿತ್ರ ನಡೆಯಿತು. ನಿವೃತ್ತ ಇತಿಹಾಸ ಅಧ್ಯಾಪಕನೆಂಬ ಕಾರಣಕ್ಕೆ ನನ್ನನ್ನೂ ಕರೆದಿದ್ದರು. ಕಾಲೇಜಿನ ಹೆಸರು ಇಲ್ಲಿ ಬೇಡ. ಇದು ಒಂದು ಕಾಲೇಜಿನ ಚಾಳಿಯಲ್ಲ, ಊರೂರಿನಲ್ಲೂ ಶಿಬಿರಗಳು ಹೀಗೆಯೇ ನಡೆಯುತ್ತವೆ. ಮೊದಲು ಆತ್ಮವಿಶ್ವಾಸದ ಉಪನ್ಯಾಸ, ಆಮೇಲೆ ಸಮಯ ಪಾಲನೆಯ ಉಪನ್ಯಾಸ, ಊಟದ ನಂತರ ಮಕ್ಕಳಿಗೆ ನಿದ್ದೆ ಬಾರದಿರಲೆಂದು ಒಂದು 'ಸ್ಫೂರ್ತಿದಾಯಕ' ಸಿನಿಮಾ.

ಬ್ಯಾನರಿನ ಮೂಲೆಯಲ್ಲಿ ಚಿತ್ರದ ಮಾತೊಂದನ್ನೂ ಅಚ್ಚು ಹಾಕಿಸಿದ್ದರು. ನನಗೆ ಬರೀ ಜೀವ ಉಳಿಸಿಕೊಳ್ಳುವುದು ಬೇಡ, ನಾನು ಬಾಳಬೇಕು ಎಂಬ ಅರ್ಥದ ಮಾತು. ನಿಜ, ನಾಯಕ ಹಾಗೆ ಹೇಳುತ್ತಾನೆ. ಯಾವಾಗ ಹೇಳುತ್ತಾನೆ ಎಂಬುದನ್ನು ಗಮನಿಸಿದ್ದೀರಾ? ಅಪಹರಣವಾಗಿ ಇನ್ನೂ ಹೆಚ್ಚು ದಿನಗಳಾಗಿಲ್ಲ. ದಕ್ಷಿಣಕ್ಕೆ ಸಾಗುತ್ತಿರುವ ಹಡಗಿನ ತಳದಲ್ಲಿ, ಅವನ ಹಾಗೆಯೇ ಸಿಕ್ಕಿಬಿದ್ದ ಮತ್ತೊಬ್ಬ, ಬದುಕಬೇಕೆಂದರೆ ತಲೆ ತಗ್ಗಿಸಿಕೊಂಡಿರು, ನೀನು ಯಾರೆಂದು ಬಾಯಿ ಬಿಡಬೇಡ, ಓದು ಬರಹ ಬರುತ್ತದೆಂದು ತೋರಿಸಿಕೊಳ್ಳಬೇಡ ಎಂದು ಬುದ್ಧಿ ಹೇಳುತ್ತಾನೆ. ಅದಕ್ಕೆ ಕೆರಳಿ ಆಡಿದ ಮಾತು ಅದು. ಆಮೇಲಿನ ಹನ್ನೆರಡು ವರ್ಷಗಳಲ್ಲಿ ಅವನು ಮಾಡುವುದೇನು? ಆ ಸಹಪ್ರಯಾಣಿಕ ಹೇಳಿದ್ದನ್ನೇ ಮಾಡುತ್ತಾನೆ. 'ಪ್ಲ್ಯಾಟ್' ಎಂದು ಹೆಸರಿಟ್ಟರೆ ಓಗೊಡುತ್ತಾನೆ. ಒಡತಿ ಅಂಗಡಿಯ ಸಾಮಾನಿನ ಪಟ್ಟಿ ಕೈಗಿತ್ತು, ನಿನಗೆ ಓದಲು ಬರುತ್ತದೆಯೇ ಎಂದು ಕಣ್ಣು ಕಿರಿದು ಮಾಡಿದಾಗ, ಅಲ್ಲೊಂದು ಇಲ್ಲೊಂದು ಪದ ಗೊತ್ತಾಗುತ್ತದೆ ಎಂದು ತಡವರಿಸುತ್ತಾನೆ. ಅವನು ಉಳಿದದ್ದು ತನ್ನ ವ್ಯಕ್ತಿತ್ವವನ್ನು ವಿಕಸನ ಮಾಡಿಕೊಂಡಲ್ಲ, ಬಚ್ಚಿಟ್ಟುಕೊಂಡು. ಬ್ಯಾನರ್ ಬರೆಸಿದವರು ಸಿನಿಮಾ ಪೂರ್ತಿ ನೋಡಿರಲಿಲ್ಲವೆಂದೇ ನನ್ನ ಗುಮಾನಿ.

ಕಥೆ ನಿಮಗೆ ಗೊತ್ತಿರುವುದೇ. ಆದರೂ ನಡೆದ ಸಂಗತಿಗಳನ್ನು ಒಮ್ಮೆ ಸರಿಯಾಗಿ ಜೋಡಿಸಿಕೊಳ್ಳೋಣ. ಸಾಲಮನ್ ನಾರ್ಥಪ್ ನ್ಯೂಯಾರ್ಕ್ ರಾಜ್ಯದಲ್ಲಿ ಸ್ವತಂತ್ರನಾಗಿಯೇ ಹುಟ್ಟಿದ ಕಪ್ಪು ಜನಾಂಗದವನು. ಅವನ ತಂದೆ ಗುಲಾಮನಾಗಿದ್ದು, ಒಡೆಯನ ಮರಣಶಾಸನದ ಮೂಲಕ ಬಿಡುಗಡೆ ಪಡೆದಿದ್ದ. ಮಗ ಸರಟೋಗಾ ಸ್ಪ್ರಿಂಗ್ಸ್‌ನಲ್ಲಿ ಹೆಂಡತಿ, ಮೂವರು ಮಕ್ಕಳೊಂದಿಗೆ ಸಂಸಾರ ಹೂಡಿದ್ದ, ಪಿಟೀಲು ನುಡಿಸುತ್ತಿದ್ದ. 1841ರ ವಸಂತದಲ್ಲಿ ಇಬ್ಬರು ಬಿಳಿಯರು ಬಂದು, ಸರ್ಕಸ್ಸಿನಲ್ಲಿ ಪಿಟೀಲು ನುಡಿಸಿದರೆ ಒಳ್ಳೆಯ ಸಂಬಳ ಎಂದು ಆಸೆ ತೋರಿಸಿ ವಾಷಿಂಗ್ಟನ್‌ಗೆ ಕರೆದುಕೊಂಡು ಹೋದರು. ಆಗತಾನೆ ತೀರಿಕೊಂಡಿದ್ದ ಅಧ್ಯಕ್ಷ ಹ್ಯಾರಿಸನ್ನರ ಅಂತ್ಯಸಂಸ್ಕಾರದ ಮೆರವಣಿಗೆ ನಡೆಯುತ್ತಿದ್ದ ಹೊತ್ತು ಅದು. ಆ ದಿನಗಳಲ್ಲೇ ಕುಡಿಯುವುದರಲ್ಲಿ ಏನೋ ಬೆರೆಸಿ ಕೊಟ್ಟರು. ಎಚ್ಚರವಾದಾಗ ಕೈಕಾಲಿಗೆ ಸರಪಳಿ ಬಿದ್ದಿತ್ತು. ಗುಲಾಮರನ್ನು ಕೂಡಿಹಾಕುವ ಆ ಕಟ್ಟಡ ಸಂಸತ್ ಭವನಕ್ಕೆ ಕಾಣುವಷ್ಟು ದೂರದಲ್ಲಿತ್ತು. ನಿರ್ದೇಶಕ ಸ್ಟೀವ್ ಮೆಕ್ವೀನ್ ಇದನ್ನು ಮಾತಿನಲ್ಲಿ ಹೇಳಿಸುವುದಿಲ್ಲ. ಕೋಣೆಯ ಸರಳುಗಳಿಂದ ಕ್ಯಾಮೆರಾ ಮೇಲಕ್ಕೇರುತ್ತ ಹೋಗಿ ಆ ಭವನವನ್ನು ಕಾಣಿಸುತ್ತದೆ, ಅಷ್ಟೇ.

ಈ ಅಪಹರಣ ಇಬ್ಬರು ಕೆಟ್ಟ ಮನುಷ್ಯರ ಕರಾಮತ್ತಷ್ಟೇ ಆಗಿರಲಿಲ್ಲ. ಹೊರದೇಶದಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲಿ ನಿಷೇಧಿಸಿತ್ತು. ಅತ್ತ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ 1793ರಲ್ಲೇ ಬಂದು, ದಕ್ಷಿಣದ ರಾಜ್ಯಗಳಲ್ಲಿ ಹತ್ತಿಯ ಬೇಸಾಯ ಊರು ನುಂಗುವ ಹಾಗೆ ಹಬ್ಬಿತ್ತು. ಹೊರಗಿನಿಂದ ಬರುವುದು ನಿಂತಿತು, ಒಳಗೆ ಬೇಡಿಕೆ ಏರಿತು. ಉತ್ತರದ ಸ್ವತಂತ್ರ ಕಪ್ಪು ಜನ ಕಳ್ಳರ ಕಣ್ಣಿಗೆ ನಗದಿನ ಹಾಗೆ ಕಂಡದ್ದು ಆಗಲೇ. ಇಂಥ ಅಪಹರಣ ಎಷ್ಟು ಸಾಮಾನ್ಯವಾಗಿತ್ತೆಂದರೆ, ಹಾಗೆ ಮಾರಿಹೋದ ತನ್ನ ಪ್ರಜೆಗಳನ್ನು ಮರಳಿ ತರುವುದಕ್ಕೆಂದೇ ನ್ಯೂಯಾರ್ಕ್ ರಾಜ್ಯ 1840ರಲ್ಲಿ ಒಂದು ಕಾನೂನು ಮಾಡಬೇಕಾಯಿತು. ಈ ಕಾನೂನನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನೇಣಿನ ದೃಶ್ಯಕ್ಕೆ ಬರುತ್ತೇನೆ. ಆ ದಿನ ಸಭಾಂಗಣದಲ್ಲಿ ಅದುವರೆಗೂ ಪಿಸುಗುಡುತ್ತಿದ್ದ ಹುಡುಗರು ಇಲ್ಲಿ ಸುಮ್ಮನಾದರು. ಟಿಬೀಟ್ಸ್ ಎಂಬ ಬಡಗಿ ಚಾವಟಿ ಎತ್ತಿದಾಗ ಸಾಲಮನ್ ತಿರುಗಿ ಅವನನ್ನೇ ಹೊಡೆಯುತ್ತಾನೆ. ಬಡಗಿ ಜೊತೆಗಾರರನ್ನು ಕರೆತಂದು ಮರಕ್ಕೆ ನೇಣು ಬಿಗಿಯುತ್ತಾನೆ. ತೋಟದ ಮೇಲ್ವಿಚಾರಕ ಬಂದು ತಡೆಯುತ್ತಾನೆ, ಆದರೆ ಹಗ್ಗ ಬಿಚ್ಚುವುದಿಲ್ಲ. ಸಾಲಮನ್ ತುದಿಗಾಲಿನ ಮೇಲೆ ಉಳಿಯುತ್ತಾನೆ. ಕೆಸರಿನಲ್ಲಿ ಬೆರಳುಗಳು ಜಾರುತ್ತವೆ, ಮತ್ತೆ ಊರಿಕೊಳ್ಳುತ್ತವೆ. ಗಂಟಲಿನಿಂದ ಬರುವ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಕ್ಯಾಮೆರಾ ಕದಲುವುದಿಲ್ಲ. ಹಿಂದುಗಡೆ ಗುಡಿಸಲುಗಳಿಂದ ಜನ ಒಬ್ಬೊಬ್ಬರೇ ಹೊರಬಂದು ತಂತಮ್ಮ ಕೆಲಸ ಹಿಡಿಯುತ್ತಾರೆ, ಮಕ್ಕಳು ಆಡುತ್ತವೆ. ಒಬ್ಬ ಹೆಂಗಸು ಓಡಿ ಬಂದು ಗುಟುಕು ನೀರು ಕುಡಿಸಿ, ಯಾರಾದರೂ ನೋಡಿಯಾರೆಂದು ಅಷ್ಟೇ ಬೇಗ ಓಡಿಹೋಗುತ್ತಾಳೆ.

ಚಿತ್ರದ ನಂತರ ನಿಮ್ಮ ಸಂಪನ್ಮೂಲ ವ್ಯಕ್ತಿ ಈ ದೃಶ್ಯವನ್ನು ಎತ್ತಿಕೊಂಡು, 'ನೋಡಿ ಮಕ್ಕಳೇ, ಬೆರಳ ತುದಿಯ ಮೇಲೆ ನಿಂತಾದರೂ ಸೋಲೊಪ್ಪಲಿಲ್ಲ' ಎಂದರು. ಚಪ್ಪಾಳೆಯೂ ಬಿತ್ತು. ಆದರೆ ಸಾಲಮನ್ 1853ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಆ ಮೇಲ್ವಿಚಾರಕ ಪಿಸ್ತೂಲು ಹಿಡಿದು ಬಂದು ಹೇಳಿದ ಕಾರಣ ಬೇರೆಯೇ ಇದೆ. ಹಿಂದಿನ ಒಡೆಯ ಫೋರ್ಡ್ ಸಾಲ ತೀರಿಸಲಾಗದೆ ಸಾಲಮನ್‌ನನ್ನು ಟಿಬೀಟ್ಸ್‌ಗೆ ಮಾರಿದ್ದ. ಆದರೆ ಆಳಿನ ಬೆಲೆ ಸಾಲಕ್ಕಿಂತ ಹೆಚ್ಚಾಗಿತ್ತು. ಹೆಚ್ಚಿನ 400 ಡಾಲರಿಗೆ ಅವನ ಮೇಲೆಯೇ ಅಡಮಾನ ಬರೆಸಿಕೊಂಡಿದ್ದ. ಇವನನ್ನು ನೇಣಿಗೆ ಹಾಕಿದರೆ ಫೋರ್ಡ್‌ನ ಹಣ ಮುಳುಗುತ್ತದೆ, ಆ ಬಾಕಿ ತೀರುವ ತನಕ ಇವನ ಜೀವ ತೆಗೆಯುವ ಹಕ್ಕು ನಿನಗಿಲ್ಲ ಎಂದು ಮೇಲ್ವಿಚಾರಕ ಟಿಬೀಟ್ಸ್‌ಗೆ ಹೇಳಿದ! ಮನುಷ್ಯ ಎಂಬ ಕಾರಣಕ್ಕೆ ಅವನು ಉಳಿಯಲಿಲ್ಲ, ಛಲಗಾರ ಎಂಬ ಕಾರಣಕ್ಕೂ ಉಳಿಯಲಿಲ್ಲ. ಅಡಮಾನದ ಸೊತ್ತು ಎಂಬ ಕಾರಣಕ್ಕೆ ಉಳಿದ. ಅಡಮಾನದ ಮಾತು ಸಿನಿಮಾದಲ್ಲೂ ಬರುತ್ತದೆ, ಕಿವಿಗೊಟ್ಟರೆ ಕೇಳುತ್ತದೆ. ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಅರ್ಧಕ್ಕರ್ಧ ಇದ್ದ ಸಭೆಯಲ್ಲಿ ಈ ಒಂದು ವಿಷಯದ ಮೇಲೆಯೇ ಒಂದು ಗಂಟೆ ಮಾತನಾಡಬಹುದಿತ್ತು.

ನಿಮ್ಮ ಛಲದ ಲೆಕ್ಕ ಎಲ್ಲಿ ಪೂರ್ತಿ ಕೈಕೊಡುತ್ತದೆ ಎಂದು ಹೇಳುತ್ತೇನೆ. ಟಿಬೀಟ್ಸ್‌ನ ನಂತರ ಸಾಲಮನ್‌ನನ್ನು ಕೊಂಡ ಎಪ್ಸ್ ಎಂಬ ಒಡೆಯನ ಹತ್ತಿ ಹೊಲದಲ್ಲಿ ಆಳೊಬ್ಬನಿಗೆ ದಿನಕ್ಕೆ 200 ಪೌಂಡ್, ಅಂದರೆ ಸುಮಾರು 90 ಕಿಲೋ ಹತ್ತಿ ಬಿಡಿಸುವ ಕಟ್ಟಳೆ. ಸಂಜೆ ಬುಟ್ಟಿಗಳನ್ನು ತೂಗುತ್ತಾರೆ, ಕಡಿಮೆ ಬಿದ್ದವರಿಗೆ ಚಾವಟಿ. ಸಾಲಮನ್‌ಗೆ ಆ ಕೆಲಸ ಒಗ್ಗಲೇ ಇಲ್ಲ, ಮೊದಲ ದಿನ 95 ಪೌಂಡ್ ಕೂಡಿಸಿದ್ದೇ ಹೆಚ್ಚು. ಅದೇ ಹೊಲದಲ್ಲಿ ಪ್ಯಾಟ್ಸಿ ಎಂಬ ಯುವತಿ ದಿನಕ್ಕೆ 500 ಪೌಂಡ್ ಬಿಡಿಸುತ್ತಿದ್ದಳು. ಸುಮಾರು 225 ಕಿಲೋ! ಶ್ರಮ, ಏಕಾಗ್ರತೆ, ಗುರಿ ಮುಟ್ಟುವುದು ಎಂದು ನಿಮ್ಮ ಶಿಬಿರಗಳು ಜಪಿಸುವ ಎಲ್ಲ ಗುಣಗಳಲ್ಲೂ ಆ ಹೊಲಕ್ಕೆ ಅವಳೇ ಮೊದಲು. ಸಿಕ್ಕಿದ್ದೇನು? ರಾತ್ರಿ ಒಡೆಯನ ಅತ್ಯಾಚಾರ, ಹಗಲು ಒಡತಿಯ ಹೊಟ್ಟೆಕಿಚ್ಚು. ಮೈ ತೊಳೆದುಕೊಳ್ಳಲು ಒಂದು ತುಂಡು ಸಾಬೂನನ್ನೂ ಒಡತಿ ಕೊಡುತ್ತಿರಲಿಲ್ಲ. ಅದನ್ನು ಕೇಳಿ ತರಲು ಪಕ್ಕದ ತೋಟಕ್ಕೆ ಹೋಗಿ ಬಂದದ್ದಕ್ಕೆ ಕಂಬಕ್ಕೆ ಕಟ್ಟಿ ಬೆನ್ನಿನ ಚರ್ಮ ಸುಲಿದರು. ಚಾವಟಿಯನ್ನು ಮೊದಲು ಸಾಲಮನ್‌ನ ಕೈಗೇ ಕೊಟ್ಟರು. ಅವನು ಹೊಡೆದ. ಹೊಡೆಯದೆ ಇರುವ ದಾರಿ ಅವನಿಗಿರಲಿಲ್ಲ. ಲುಪಿಟಾ ನ್ಯೋಂಗೊ ಈ ಪಾತ್ರಕ್ಕೆ ಆಸ್ಕರ್ ಪಡೆದದ್ದು ಎಲ್ಲರಿಗೂ ಗೊತ್ತು. ಆ ಸಾಬೂನಿನ ಚೂರನ್ನು ಅವಳು ಅಂಗೈಯಲ್ಲಿ ಹಿಡಿದು ತೋರಿಸುವ ಹೊತ್ತಿನ ಮುಖ ನೋಡಿ, ಪ್ರಶಸ್ತಿಯ ವಿಷಯ ಮರೆತುಹೋಗುತ್ತದೆ.

ಎಲೈಜಾಳನ್ನೂ ಮರೆಯಬೇಡಿ. ಸಾಲಮನ್ ಜೊತೆಗೇ ನ್ಯೂ ಆರ್ಲಿಯನ್ಸ್‌ನಲ್ಲಿ ಮಾರಾಟಕ್ಕೆ ನಿಂತವಳು. ಮಗನನ್ನು ಒಬ್ಬ ಕೊಂಡ. ಮಗಳನ್ನು ತಾಯಿಯ ಜೊತೆಗೇ ಕೊಳ್ಳುತ್ತೇನೆಂದು ಫೋರ್ಡ್ ಕೇಳಿದರೂ ದಲ್ಲಾಳಿ ಒಪ್ಪಲಿಲ್ಲ, ಚೆಲುವಾಗಿದ್ದಾಳೆ, ಬೆಳೆದರೆ ಇನ್ನೂ ಹೆಚ್ಚು ಬೆಲೆ ಬರುತ್ತದೆ ಎಂದ. ಅಳುವ ಎಲೈಜಾಳಿಗೆ ಫೋರ್ಡ್‌ನ ಹೆಂಡತಿ, ಸ್ವಲ್ಪ ಊಟ, ಸ್ವಲ್ಪ ವಿಶ್ರಾಂತಿ, ಬೇಗನೆ ಮಕ್ಕಳು ಮರೆತುಹೋಗುತ್ತಾರೆ ಎನ್ನುತ್ತಾಳೆ. ಇದನ್ನು ಆಕೆ ಕ್ರೂರಿಯಾಗಿ ಹೇಳುವುದಿಲ್ಲ, ಸಮಾಧಾನ ಮಾಡುತ್ತಿದ್ದೇನೆ ಎಂದೇ ನಂಬಿ ಹೇಳುತ್ತಾಳೆ! ಎಲೈಜಾ ಅಳುವುದನ್ನು ನಿಲ್ಲಿಸಲಿಲ್ಲ, ಕೊರಗಿ ಕೊರಗಿ ಸತ್ತಳು. ನಿಮ್ಮ ಬ್ಯಾನರಿನ ಪ್ರಕಾರ ಅವಳಿಗೆ ಛಲ ಸಾಲದಾಯಿತೇ? ಪ್ಯಾಟ್ಸಿಗೆ ಮನೋಬಲ ಕಡಿಮೆ ಬಿತ್ತೇ? 1850ರ ಜನಗಣತಿಯಲ್ಲಿ ಅಮೆರಿಕದ ಗುಲಾಮರ ಸಂಖ್ಯೆ ಸುಮಾರು 32 ಲಕ್ಷ. ಬಿಡುಗಡೆ ಕಂಡ ಒಬ್ಬನ ಎದೆಗೆ ಪದಕ ತೂಗುಹಾಕಿದರೆ, ಉಳಿದವರ ಹಣೆಗೆ ಏನನ್ನು ಅಂಟಿಸುತ್ತೀರಿ?

ಹಾಗಾದರೆ ಅವನು ಬಿಡುಗಡೆಯಾದದ್ದು ಹೇಗೆ? ಕಾಗದದಿಂದ. ಒಂದು ಹಾಳೆ ಕಾಗದ ಕೈಗೆ ಸಿಗಲು ಒಂಬತ್ತು ವರ್ಷ ಕಾಯಬೇಕಾಯಿತು ಎಂದು ಅವನೇ ಬರೆದಿದ್ದಾನೆ. ಮೇಪಲ್ ಮರದ ತೊಗಟೆ ಕುದಿಸಿ ಶಾಯಿ ಮಾಡಿದ, ಬಾತುಕೋಳಿಯ ಗರಿಯಿಂದ ಲೇಖನಿ ಕೆತ್ತಿದ. ಆ ಪತ್ರವನ್ನು ಯಾರನ್ನು ನಂಬಿ ಅಂಚೆಗೆ ಹಾಕಿಸಲು ಹೊರಟನೋ ಅವನೇ ಒಡೆಯನ ಕಿವಿ ಕಚ್ಚಿದ. ಸಾಲಮನ್ ಪತ್ರವನ್ನು ಸುಟ್ಟುಹಾಕಿದ. ಚಿತ್ರದಲ್ಲಿ ಆ ಹಾಳೆ ಕಪ್ಪಾಗಿ ಸುರುಟಿಕೊಂಡು, ಕೊನೆಯ ಕಿಡಿಯೂ ಆರುವ ತನಕ ಕ್ಯಾಮೆರಾ ಅಲ್ಲೇ ಇರುತ್ತದೆ. ಕೊನೆಗೆ 1852ರಲ್ಲಿ ಬ್ಯಾಸ್ ಎಂಬ ಕೆನಡಾ ಮೂಲದ ಬಡಗಿ ಸಿಕ್ಕಿ, ಸರಟೋಗಾಕ್ಕೆ ಪತ್ರಗಳನ್ನು ಬರೆದು ಕಳುಹಿಸಿದ.

ಪತ್ರ ತಲುಪಿದ ಮಾತ್ರಕ್ಕೆ ಮುಗಿಯಲಿಲ್ಲ. ಹೆನ್ರಿ ನಾರ್ಥಪ್ ಎಂಬ ವಕೀಲ, ಸಾಲಮನ್‌ನ ತಂದೆಯನ್ನು ಗುಲಾಮನಾಗಿ ಇಟ್ಟುಕೊಂಡಿದ್ದ ಮನೆತನದವನೇ, 1840ರ ಆ ಕಾನೂನಿನ ಅಡಿಯಲ್ಲಿ ರಾಜ್ಯಪಾಲರ ನೇಮಕಪತ್ರ ಪಡೆದು, ಸಾಲಮನ್ ಗುಲಾಮನಾಗಿದ್ದ ಲೂಸಿಯಾನಾ ರಾಜ್ಯಕ್ಕೆ ಹೊರಟ. ಅಲ್ಲಿ ಹೋಗಿ ವಿಚಾರಿಸಿದರೆ ಸಾಲಮನ್ ನಾರ್ಥಪ್ ಎಂಬ ಹೆಸರನ್ನೇ ಯಾರೂ ಕೇಳಿಲ್ಲ. ಕೇಳುವುದಾದರೂ ಹೇಗೆ, ಹನ್ನೆರಡು ವರ್ಷಗಳಿಂದ ಅವನು ಪ್ಲ್ಯಾಟ್! ಪತ್ರದಲ್ಲಿ ಆ ಹೆಸರು ಇರಲಿಲ್ಲ. ಇನ್ನೇನು ಬರಿಗೈಯಲ್ಲಿ ಹಿಂದಿರುಗಬೇಕು ಎನ್ನುವಷ್ಟರಲ್ಲಿ, ಗುಲಾಮಗಿರಿಯನ್ನು ವಿರೋಧಿಸುವವರು ಈ ಕಡೆ ಯಾರಾದರೂ ಇದ್ದಾರೆಯೇ ಎಂದು ಸ್ಥಳೀಯ ವಕೀಲನೊಡನೆ ಲೋಕಾಭಿರಾಮವಾಗಿ ಮಾತಾಡುವಾಗ ಬ್ಯಾಸ್‌ನ ಹೆಸರು ಹೊರಬಿತ್ತು. ಆ ಎಳೆ ಹಿಡಿದು ಹೋಗಿ, 1853ರ ಜನವರಿ ಮೊದಲ ವಾರದಲ್ಲಿ ಸಾಲಮನ್‌ನನ್ನು ಬಿಡಿಸಿಕೊಂಡರು. ನನ್ನ ಪ್ರಕಾರ ಇದು ಇಡೀ ಕಥೆಯ ಅತ್ಯಂತ ರೋಚಕ ಭಾಗ, ಮತ್ತು ಸಿನಿಮಾ ಇದನ್ನು ಬಿಟ್ಟುಬಿಟ್ಟಿದೆ. ಬದಲಿಗೆ ಬ್ಯಾಸ್‌ನ ಪಾತ್ರದಲ್ಲಿ ಬ್ರ್ಯಾಡ್ ಪಿಟ್ ಬಂದು ನೀತಿಯ ಮಾತನಾಡಿ ಹೋಗುತ್ತಾರೆ, ಮುಂದಿನ ಕೆಲವೇ ನಿಮಿಷಗಳಲ್ಲಿ ಸಾಲಮನ್‌ನನ್ನು ಬಿಡಿಸಿಕೊಂಡು ಹೋಗುವ ಬಂಡಿ ಬಂದು ನಿಲ್ಲುತ್ತದೆ. ಇಷ್ಟು ಬಿಗಿಯಾದ ಚಿತ್ರದಲ್ಲಿ ಸಡಿಲವಾದ ಜಾಗ ಇದೊಂದೇ. ನಿಮ್ಮ ಬ್ಯಾನರಿಗೆ ನುಸುಳಲು ದಾರಿ ಸಿಕ್ಕಿದ್ದೂ ಇಲ್ಲಿಯೇ ಇರಬೇಕು.

ಬಂಡಿ ಹೊರಡುವಾಗ ಪ್ಯಾಟ್ಸಿ ಹಿಂದೆ ಉಳಿಯುತ್ತಾಳೆ. ಪುಸ್ತಕದಲ್ಲಿ ಅವಳು ಗುಡಿಸಲಿನ ಹಿಂದಿನಿಂದ ಓಡಿಬಂದು ಅವನ ಕೊರಳಿಗೆ ಬಿದ್ದು, ನೀನು ಹೋಗುತ್ತೀಯ, ಒಳ್ಳೆಯದಾಯಿತು, ನನ್ನ ಗತಿ ಏನು ಎಂದು ಕೇಳುತ್ತಾಳೆ. ಅವನ ಬಳಿ ಉತ್ತರವಿರಲಿಲ್ಲ.

ಆ ದಿನ ನಡೆದ ಒಂದು ಕೆಲಸವನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ. ಸಾಲಮನ್ ಮನೆ ಸೇರಿ ಮಕ್ಕಳನ್ನು ತಬ್ಬಿಕೊಂಡ ಕೂಡಲೇ ಸಭಾಂಗಣದ ದೀಪಗಳು ಹತ್ತಿದವು, ವಂದನಾರ್ಪಣೆಗೆ ಮೈಕ್ ಬಂತು. ಪರದೆಯ ಮೇಲೆ ಅಕ್ಷರಗಳು ಇನ್ನೂ ಬರುತ್ತಿದ್ದವು. ಅವುಗಳಲ್ಲಿ ಏನಿತ್ತೆಂದು ಮಕ್ಕಳಿಗೆ ಕಾಣಲಿಲ್ಲ. ಅವನನ್ನು ಮಾರಿದ ವ್ಯಾಪಾರಿ ಬರ್ಚ್‌ನ ಮೇಲೆ ವಾಷಿಂಗ್ಟನ್‌ನಲ್ಲಿ ಮೊಕದ್ದಮೆ ನಡೆದಾಗ ಸಾಲಮನ್‌ಗೆ ಸಾಕ್ಷಿ ಹೇಳಲು ಬಿಡಲಿಲ್ಲ, ಏಕೆಂದರೆ ಅಲ್ಲಿ ಬಿಳಿಯನ ವಿರುದ್ಧ ಕಪ್ಪು ಮನುಷ್ಯ ಸಾಕ್ಷಿ ನುಡಿಯುವಂತಿರಲಿಲ್ಲ. ಬೆನ್ನಿನ ಮೇಲೆ ಗಾಯದ ಗುರುತುಗಳಿರುವವನು ನ್ಯಾಯಾಲಯದಲ್ಲಿ ಬಾಯಿ ಮುಚ್ಚಿ ಕುಳಿತ, ಹೊಡೆದವನು ಮನೆಗೆ ಹೋದ. ಸಾಲದ್ದಕ್ಕೆ ಅದೇ ಬರ್ಚ್ ಸಾಲಮನ್‌ನ ಮೇಲೆಯೇ ಮೋಸದ ದೂರು ಕೊಟ್ಟು, ಆಮೇಲೆ ಹಿಂತೆಗೆದುಕೊಂಡ. ಅಪಹರಿಸಿದ ಇಬ್ಬರು 1854ರಲ್ಲಿ ನ್ಯೂಯಾರ್ಕ್‌ನಲ್ಲಿ ಸಿಕ್ಕಿಬಿದ್ದರು. ಆ ಮೊಕದ್ದಮೆ ಎಳೆದಾಡಿ ಎಳೆದಾಡಿ 1857ರಲ್ಲಿ ಕೈಬಿಟ್ಟುಹೋಯಿತು. ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಸಾಲಮನ್ ಎಲ್ಲಿ, ಯಾವಾಗ, ಹೇಗೆ ಸತ್ತನೆಂಬುದು ಇತಿಹಾಸಕ್ಕೆ ಇಂದಿಗೂ ಗೊತ್ತಿಲ್ಲ. 134 ನಿಮಿಷದ ಚಿತ್ರ ತೋರಿಸಿದವರಿಗೆ ಕೊನೆಯ ಎರಡು ನಿಮಿಷ ಕಾಯಲಾಗಲಿಲ್ಲವೇ?

'ಸರ್, ಇದೆಲ್ಲ ಅಮೆರಿಕದ ಕಥೆ, ನಮ್ಮ ಮಕ್ಕಳಿಗೆ ಸ್ಫೂರ್ತಿ ಸಿಕ್ಕರೆ ಸಾಕು' ಎಂದು ಕಾಫಿ ಕುಡಿಯುವಾಗ ನಿಮ್ಮಂಥವರೇ ಒಬ್ಬರು ಹೇಳಿದರು. ನಿರ್ದೇಶಕ ಹಾಗೆ ಅಂದುಕೊಂಡಿರಲಿಲ್ಲ. 2014ರ ಮಾರ್ಚ್‌ನಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆದಾಗ ಮೆಕ್ವೀನ್ ಅದನ್ನು, ಗುಲಾಮಗಿರಿ ಅನುಭವಿಸಿದವರ ಜೊತೆಗೆ, ಇಂದಿಗೂ ಅದರಲ್ಲಿ ನರಳುತ್ತಿರುವ 2 ಕೋಟಿ 10 ಲಕ್ಷ ಜನರಿಗೂ ಅರ್ಪಿಸಿದರು. ಆ ಸಂಖ್ಯೆಯಲ್ಲಿ ನಮ್ಮ ದೇಶದ ಜೀತದಾಳುಗಳೂ ಸೇರಿದ್ದಾರೆ. ಮುಂಗಡ ಕೊಟ್ಟು ಇಡೀ ಕುಟುಂಬವನ್ನು ಇಟ್ಟಿಗೆ ಗೂಡಿನಲ್ಲೋ ಕಲ್ಲು ಕ್ವಾರಿಯಲ್ಲೋ ಕಟ್ಟಿಹಾಕುವ ಸುದ್ದಿ ಕನ್ನಡದ ಜಿಲ್ಲಾ ಪತ್ರಿಕೆಗಳಿಗೆ ಹೊಸದೇನಲ್ಲ. ಅಲ್ಲೂ ಬಿಡುಗಡೆಯ ದಾರಿ ಕಾಗದದ್ದೇ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರಲ್ಲಿ ಬಂತು. ಜೀತದ ಸಾಲವೆಲ್ಲ ಮನ್ನಾ ಎಂದಿತು. ಅದರ 15ನೇ ಸೆಕ್ಷನ್ ಓದಿ: ಇದು ಜೀತದ ಸಾಲ ಎಂದು ಆಳು ಹೇಳಿದರೆ ಸಾಕು, ಅಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ವಾಷಿಂಗ್ಟನ್ ನ್ಯಾಯಾಲಯ ಸಾಲಮನ್‌ನ ಬಾಯಿ ಕಟ್ಟಿದ್ದಕ್ಕೆ ಇದಕ್ಕಿಂತ ನೇರವಾದ ಎದುರುತ್ತರ ನನಗೆ ಗೊತ್ತಿಲ್ಲ. ಅದೇ ಕಾಯ್ದೆಯ 16ನೇ ಸೆಕ್ಷನ್ನನ್ನೂ ಓದಿ. ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಎಷ್ಟು? ಹೆಚ್ಚೆಂದರೆ 2,000 ರೂಪಾಯಿ! ಈ ಎರಡು ಸೆಕ್ಷನ್‌ಗಳನ್ನು ಪಕ್ಕಪಕ್ಕ ಬರೆದು ವಿದ್ಯಾರ್ಥಿಗಳ ಮುಂದಿಟ್ಟರೆ, ಯಾವ ಸಂಪನ್ಮೂಲ ವ್ಯಕ್ತಿಯೂ ಬೇಕಾಗುವುದಿಲ್ಲ, ಚರ್ಚೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ಬ್ಯಾನರ್ ಇಳಿಸಿ. ಕೊನೆಯ ಅಕ್ಷರ ಮಾಯವಾಗುವ ತನಕ ದೀಪ ಹಾಕಬೇಡಿ, ವಂದನಾರ್ಪಣೆ ಎರಡು ನಿಮಿಷ ತಡವಾದರೆ ಯಾರ ಗಂಟೂ ಹೋಗುವುದಿಲ್ಲ. ಚಿತ್ರ ಮುಗಿದ ಮೇಲೆ 'ನೀವು ಇದರಿಂದ ಏನು ಕಲಿತಿರಿ' ಎಂಬ ಸವಕಲು ಪ್ರಶ್ನೆಯ ಬದಲು, ಪ್ಯಾಟ್ಸಿಯನ್ನು ಬಿಡಿಸಲು ಯಾವ ಕಾನೂನು ಬೇಕಾಗಿತ್ತು ಎಂದು ಕೇಳಿ. ಉಪವಿಭಾಗಾಧಿಕಾರಿಗಳನ್ನು ಒಮ್ಮೆ ಕರೆಸಿ, ಕಾಯ್ದೆ ಹೇಳುವ ಜಾಗೃತಿ ಸಮಿತಿ ನಮ್ಮ ಉಪವಿಭಾಗದಲ್ಲಿ ಕೊನೆಯ ಬಾರಿ ಸಭೆ ಸೇರಿದ್ದು ಯಾವಾಗ, ಎಷ್ಟು ಜನರಿಗೆ ಬಿಡುಗಡೆ ಪತ್ರ ಸಿಕ್ಕಿದೆ ಎಂದು ವಿದ್ಯಾರ್ಥಿಗಳಿಂದಲೇ ಕೇಳಿಸಿ. ಹಾಗೆ ಕೇಳಲು ಧೈರ್ಯ ಬೇಕು. ಅದನ್ನು ಕಲಿಸುವುದಾದರೆ ನಿಮ್ಮ ಶಿಬಿರಕ್ಕೆ ನಾನು ಕರೆಯದಿದ್ದರೂ ಬರುತ್ತೇನೆ.

ಇಲ್ಲ, ನಮಗೆ ಗೆದ್ದವರ ಕಥೆಯೇ ಬೇಕು, ಮಕ್ಕಳು ಚಪ್ಪಾಳೆ ತಟ್ಟಿ ಮನೆಗೆ ಹೋಗಬೇಕು ಎನ್ನುವುದಾದರೆ, ಓಟಗಾರರ, ಕುಸ್ತಿಪಟುಗಳ ಚಿತ್ರಗಳು ಬೇಕಾದಷ್ಟಿವೆ. ದಯವಿಟ್ಟು ಅವುಗಳಲ್ಲಿ ಒಂದನ್ನು ಹಾಕಿಕೊಳ್ಳಿ.

ಇಂತಿ,
ಒಬ್ಬ ನಿವೃತ್ತ ಇತಿಹಾಸ ಅಧ್ಯಾಪಕ